ಅಚ್ಚಿಗೆ ಮುಂಚೆ ಮುಂಗಡ: ಉದ್ರಿ ಈ ಸಲ ನಿಮ್ಮ ಹೆಸರಿಗೆ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಹಾರ್ಡ್‌ವೇರ್ ಹೋಲ್‌ಸೇಲ್ ವ್ಯಾಪಾರ ಮಾಡುತ್ತಿದ್ದೇನೆ. ಸುತ್ತಲಿನ ತಾಲ್ಲೂಕುಗಳ ಸಣ್ಣ ಅಂಗಡಿಗಳಿಗೆ ಮಾಲು ಕೊಡುತ್ತೇನೆ. ಉದ್ರಿ ಕೊಟ್ಟು ಸಾಕಷ್ಟು ಸಲ ಕೈ ಸುಟ್ಟುಕೊಂಡಿದ್ದೇನೆ. ಕೋವಿಡ್ ಸಮಯದಲ್ಲಿ ವಾಟ್ಸಾಪ್‌ನಲ್ಲಿ ವಾರಕ್ಕೊಂದು ಟಿಪ್ಪಣಿ ಬರೆಯತೊಡಗಿದೆ. ಉದ್ರಿ ಯಾರಿಗೆ ಎಷ್ಟು ಕೊಡಬೇಕು, ಮುಖ ಕೆಡಿಸಿಕೊಳ್ಳದೆ ವಸೂಲಿ ಹೇಗೆ ಮಾಡಬೇಕು, ಗಲ್ಲಾಪೆಟ್ಟಿಗೆಯ ದುಡ್ಡನ್ನೂ ಮನೆ ಖರ್ಚನ್ನೂ ಬೇರೆ ಇಡುವುದು ಹೇಗೆ, ಇಂಥವು. ಈಗ ಎರಡು ಗುಂಪು ಸೇರಿ 1,100 ಜನ ಇದ್ದಾರೆ. ಎಲ್ಲ ಸೇರಿಸಿದರೆ 176 ಪುಟದ ಪುಸ್ತಕ ಆಗುತ್ತದೆ. ಒಬ್ಬ ಪ್ರಕಾಶಕರು, 500 ಪ್ರತಿ ನೀವೇ ಕೊಳ್ಳುವುದಾದರೆ ಮಾಡೋಣ ಎಂದರು. ನಾನೇ ಮಾಡಿಸಿದರೆ 1,000 ಪ್ರತಿ ಅಚ್ಚಿಗೆ 90,000, ಎಡಿಟಿಂಗ್, ಡಿಟಿಪಿ, ಮುಖಪುಟಕ್ಕೆ 50,000, ಬಿಡುಗಡೆ ಸಮಾರಂಭಕ್ಕೆ 60,000, ಜಾಹೀರಾತಿಗೆ 40,000, ಒಟ್ಟು 2,40,000 ರೂಪಾಯಿ ಬೇಕು. ಮಗಳು ಕ್ರೌಡ್‌ಫಂಡಿಂಗ್ ಮಾಡಿ ಅನ್ನುತ್ತಾಳೆ, ಎಂದರೆ ಪುಸ್ತಕ ಬರುವ ಮೊದಲೇ ಹಲವರಿಂದ ಸ್ವಲ್ಪ ಸ್ವಲ್ಪ ಹಣ ಎತ್ತುವುದು, ದುಡ್ಡೂ ಬರುತ್ತದೆ, ಪುಸ್ತಕ ಓಡುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ ಎಂಬುದು ಅವಳ ಮಾತು. ಮನೆಯವರಿಗೆ ಇದು ಊರ ಮುಂದೆ ಕೈ ಚಾಚಿದ ಹಾಗೆ ಕಾಣುತ್ತದೆ. ‘ಲೂಸಿಯಾ’ ಸಿನಿಮಾಕ್ಕೆ ಮಾಡಿದ ಹಾಗೆ ಲಾಭದಲ್ಲಿ ಪಾಲು ಕೊಡುತ್ತೇನೆ ಅನ್ನಲೇ? ವಿಷಯ ಮೊದಲೇ ಹೊರಬಿದ್ದರೆ ಯಾರಾದರೂ ಕದಿಯುತ್ತಾರಾ? ಗುರಿ ಮುಟ್ಟದಿದ್ದರೆ ಪೇಟೆಯಲ್ಲಿ ಹೆಸರು ಕೆಡುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಗಂಟುಬಿದ್ದಿವೆ. ದುಡ್ಡು ಎಲ್ಲಿಂದ ತರುವುದು ಎಂಬುದು ಒಂದು. ನಿಮ್ಮ ಮುಖ ನೋಡದವರೂ ಈ ಪುಸ್ತಕ ಕೊಳ್ಳುತ್ತಾರಾ ಎಂಬುದು ಇನ್ನೊಂದು. ಮಗಳು ಎರಡಕ್ಕೂ ಒಂದೇ ಮದ್ದು ಹೇಳಿದ್ದಾಳೆ, ಹೇಳಿದ್ದು ತಪ್ಪೂ ಅಲ್ಲ. ಆದರೆ ದುಡ್ಡು ಬೇಗ ಬರಲಿ ಎಂದು ನಾವು ಮಾಡುವ ಕೆಲಸಗಳೇ ಎಷ್ಟೋ ಸಲ ಆ ಎರಡನೆಯ ಪರೀಕ್ಷೆಯನ್ನು ಹಾಳು ಮಾಡುತ್ತವೆ. ಇದನ್ನು ನಾನು ಕಲಿತದ್ದು ಗೆದ್ದ ಕಡೆಯಲ್ಲೇ.

ಪುಸ್ತಕ ಪ್ರಕಟಣೆಯ ಕೆಲಸಕ್ಕೆ ಬಂದು ನನಗೆ 18 ವರ್ಷವಾಯಿತು. ಶುರುವಿನ ವರ್ಷಗಳಲ್ಲಿ, ಕೃಷಿ ಮಾರುಕಟ್ಟೆಯ ವ್ಯಾಪಾರದ ಬಗ್ಗೆ ಒಬ್ಬರು ಬರೆದ ಪುಸ್ತಕಕ್ಕೆ ಮುಂಗಡ ಕೇಳಿದೆವು. ಇಪ್ಪತ್ತು ದಿನದಲ್ಲಿ 400 ಪ್ರತಿ ಬುಕ್ ಆದವು. ಹುರುಪಿನಲ್ಲಿ ನಾನೇ 2,000 ಅಚ್ಚು ಹಾಕಿಸೋಣ ಎಂದೆ. ಆ 400 ಹೋದ ಮೇಲೆ ಅಂಗಡಿಗಳಿಂದ ಆರ್ಡರ್ ಬರಲೇ ಇಲ್ಲ. ಆಮೇಲೆ ಕುಳಿತು ಮುಂಗಡ ಕೊಟ್ಟವರ ಪಟ್ಟಿ ನೋಡಿದರೆ ಹತ್ತರಲ್ಲಿ ಒಂಬತ್ತು ಮಂದಿ ಲೇಖಕರ ನೆಂಟರು, ಕಾಲೇಜಿನ ಗೆಳೆಯರು, ಹಳೆಯ ಕಚೇರಿಯವರು. ಅವರಿಗೆ ಬೇಕಾಗಿದ್ದದ್ದು ಆ ಮನುಷ್ಯನ ಸಂತೋಷ. ಮೂರು ವರ್ಷದ ನಂತರ ಗೆದ್ದಲು ಹಿಡಿದ ಕಟ್ಟುಗಳನ್ನು ರದ್ದಿಗೆ ತೂಗುವಾಗ ಲೇಖಕರು ನನ್ನ ಪಕ್ಕದಲ್ಲೇ ನಿಂತಿದ್ದರು. ಅಂದಿನಿಂದ ಮುಂಗಡದ ಪಟ್ಟಿಯನ್ನು ಎರಡು ಖಾತೆಯಾಗಿ ಬರೆಸುತ್ತೇನೆ, ಪರಿಚಯದವರದು ಒಂದು, ಅಪರಿಚಿತರದು ಒಂದು. ಪುಸ್ತಕ ಓಡುತ್ತದೆಯೇ ಎಂಬುದಕ್ಕೆ ಉತ್ತರ ಇರುವುದು ಎರಡನೆಯ ಖಾತೆಯಲ್ಲಿ.

ಮನೆಯವರ ಸಂಕೋಚದ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅದು ಬಗೆಹರಿಯದೆ ನೀವು ನೆಟ್ಟಗೆ ನಿಂತು ಯಾರನ್ನೂ ಕೇಳಲಾರಿರಿ. ಪುಸ್ತಕ ಬರುವ ಮೊದಲೇ ಓದುಗರಿಂದ ಹಣ ಪಡೆಯುವುದು ನಮ್ಮ ಕಡೆಗೆ ಹೊಸದಲ್ಲ. ನಿಮ್ಮ ಊರಿನ ಪಕ್ಕದ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನಂಬಿಕೊಂಡು. ಓದುಗರು ಮೊದಲು ಚಂದಾ ಕೊಡುತ್ತಿದ್ದರು, ಆಮೇಲೆ ಪುಸ್ತಕ ಮನೆಗೆ ಬರುತ್ತಿತ್ತು. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡದ ಪ್ರಕಾಶಕರು ‘ಪ್ರಕಟಣಪೂರ್ವ ರಿಯಾಯಿತಿ’ ಎಂದು ಇಂದಿಗೂ ಮಾಡುವುದು ಇದನ್ನೇ. ಕೈ ಚಾಚುವವನು ಪಡೆದದ್ದನ್ನು ಮರಳಿಸಬೇಕಿಲ್ಲ. ನೀವು ಪಡೆಯುವುದು ಮುಂಗಡ, ಪ್ರತಿ ರೂಪಾಯಿಗೂ ಮಾಲು ಕೊಡಬೇಕು. ನಿಮ್ಮ ಕೀರ್ದಿಯಲ್ಲಿ ಇದನ್ನು ಬರೆಯುವುದಾದರೆ ಆದಾಯದ ಕಡೆಗೆ ಬರೆಯಬೇಡಿ, ಕೊಡಬೇಕಾದ ಬಾಕಿಯ ಕಡೆಗೆ ಬರೆಯಿರಿ. 22 ವರ್ಷ ಉದ್ರಿ ಕೊಟ್ಟವರು ನೀವು, ಈ ಸಲ ಉದ್ರಿ ನಿಮ್ಮ ಹೆಸರಿಗೆ ಇರುತ್ತದೆ. ಹೀಗೆ ನೋಡಿದರೆ ಮುಂದಿನ ಎಷ್ಟೋ ತೀರ್ಮಾನಗಳು ತಾವಾಗಿ ತಿಳಿಯಾಗುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆ ಹೆಚ್ಚು ಅಪಾಯದ್ದು. ವೆಬ್‌ಸೈಟಿನಲ್ಲಿ ಹಾಕಿಬಿಟ್ಟರೆ ಜನ ತಾವಾಗಿ ಬರುತ್ತಾರೆ ಎಂಬ ನಂಬಿಕೆ. ಇದಕ್ಕೆ ಕಾರಣ ಅಮೆರಿಕದಿಂದ ಬರುವ ದೊಡ್ಡ ಸುದ್ದಿಗಳು. ಕಾದಂಬರಿಕಾರ ಬ್ರಾಂಡನ್ ಸ್ಯಾಂಡರ್‌ಸನ್ 2022ರಲ್ಲಿ ನಾಲ್ಕು ಕಾದಂಬರಿಗಳಿಗೆ ಅಲ್ಲಿನ ಕ್ರೌಡ್‌ಫಂಡಿಂಗ್ ವೆಬ್‌ಸೈಟು ಕಿಕ್‌ಸ್ಟಾರ್ಟರ್‌ನಲ್ಲಿ 4 ಕೋಟಿ 17 ಲಕ್ಷ ಡಾಲರ್ ಎತ್ತಿದರು. ನಿಮ್ಮ ವಿಷಯಕ್ಕೆ ಹತ್ತಿರದವರು ವ್ಯಾಪಾರದ ಪುಸ್ತಕಗಳ ಲೇಖಕ ಸೇತ್ ಗೋಡಿನ್. 2012ರಲ್ಲಿ ತಮ್ಮ ಹೊಸ ಪುಸ್ತಕಕ್ಕೆ ಅವರು ಅಲ್ಲೇ ಕೇಳಿದ್ದು 40,000 ಡಾಲರ್, ಗುರಿ ಕೆಲವೇ ಗಂಟೆಗಳಲ್ಲಿ ದಾಟಿತು, ಕೊನೆಗೆ 4,242 ಜನರಿಂದ 2,87,342 ಡಾಲರ್ ಬಂತು. ಇಲ್ಲಿ ಗಮನಿಸಬೇಕಾದ ಮಾತು ಬೇರೆ ಇದೆ. ಗೋಡಿನ್ ಅದಕ್ಕೆ ಮುಂಚೆ ಹಲವು ವರ್ಷ ದಿನವೂ ಬರೆದು ಓದುಗರನ್ನು ಸಂಪಾದಿಸಿದ್ದರು. ಈ ಪುಸ್ತಕಕ್ಕೆ ಬೇಡಿಕೆ ಇದೆ ಎಂದು ಪ್ರಕಾಶಕರಿಗೆ ತೋರಿಸಿಕೊಡಲು ಆ ಪ್ರಚಾರ ನಡೆಸಿದರು. ಎಂದರೆ ವೆಬ್‌ಸೈಟು ಅವರಿಗೆ ಓದುಗರನ್ನು ಹುಡುಕಿಕೊಡಲಿಲ್ಲ, ಇದ್ದ ಓದುಗರನ್ನು ಎಣಿಸಿಕೊಟ್ಟಿತು. ಕಿಕ್‌ಸ್ಟಾರ್ಟರ್‌ನಲ್ಲಿ ಶುರುವಾಗುವ ಯೋಜನೆಗಳಲ್ಲಿ ಗುರಿ ಮುಟ್ಟುವುದು ಹೆಚ್ಚುಕಮ್ಮಿ ನೂರಕ್ಕೆ 40 ಮಾತ್ರ. ಸೋಲುವವುಗಳಲ್ಲಿ ಬಹಳಷ್ಟು, ಗುರಿಯ ಐದನೇ ಒಂದು ಪಾಲನ್ನೂ ಕಾಣುವುದಿಲ್ಲ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಉದಾಹರಣೆ ಇನ್ನೊಂದಿದೆ. ಸ್ವಿಟ್ಜರ್‌ಲೆಂಡಿನ ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಮತ್ತು ಅವರ ಪ್ರಾಧ್ಯಾಪಕ ಈವ್ ಪಿನ್ಯೂರ್ ‘ಬಿಸಿನೆಸ್ ಮಾಡೆಲ್ ಜನರೇಷನ್’ ಬರೆಯುವಾಗ, 45 ದೇಶಗಳ 470 ಮಂದಿ ಶುಲ್ಕ ಕೊಟ್ಟು ಆ ಬರವಣಿಗೆಯ ಒಳಗೆ ಬಂದರು. ಕರಡು ತುಂಡುತುಂಡಾಗಿ ಅವರ ಕೈಗೆ ಹೋಗುತ್ತಿತ್ತು, ಅವರು ತಿದ್ದಿ, ಜಗಳವಾಡಿ, ತಮ್ಮ ಕಂಪನಿಗಳಲ್ಲಿ ಪ್ರಯೋಗಿಸಿ ಹೇಳುತ್ತಿದ್ದರು. 2009ರಲ್ಲಿ ಲೇಖಕರೇ ಪ್ರಕಟಿಸಿದರು, ಮರುವರ್ಷ ವೈಲಿ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಅಲ್ಲಿ ಹಣದ ಜೊತೆಗೆ ಬಂದದ್ದು ತಿದ್ದುಪಡಿ. ವ್ಯಾಪಾರದ ಪುಸ್ತಕಕ್ಕೆ ಇದು ಕತೆ ಕಾದಂಬರಿಗಿಂತ ಹೆಚ್ಚು ಬೇಕು. ಕಾದಂಬರಿ ಓದಿದವರಿಗೆ ಹಿಡಿಸಿದರೆ ಸಾಕು, ನಿಮ್ಮ ಪುಸ್ತಕ ಅಂಗಡಿಯಲ್ಲಿ ಕೆಲಸ ಮಾಡಬೇಕು.

ಈಗ ‘ಲೂಸಿಯಾ’ ಮಾತು. 2013ರ ಆ ಚಿತ್ರಕ್ಕೆ ನಿರ್ದೇಶಕ ಪವನ್ ಕುಮಾರ್ ನೂರಕ್ಕೂ ಹೆಚ್ಚು ಸಾಮಾನ್ಯ ಪ್ರೇಕ್ಷಕರಿಂದ ಹಣ ಎತ್ತಿದ್ದು ನಿಜ, ಕನ್ನಡದಲ್ಲಿ ಕ್ರೌಡ್‌ಫಂಡಿಂಗ್ ಎಂಬ ಪದ ಮನೆಮಾತಾದದ್ದೇ ಆಗ. ಆದರೆ ಅಲ್ಲಿ ಹಣ ಹಾಕಿದವರು ಹೂಡಿಕೆದಾರರು. ಕೊಳ್ಳುವುದೂ ಹೂಡುವುದೂ ಕಾನೂನಿನ ಕಣ್ಣಲ್ಲಿ ಬೇರೆ ಬೇರೆ. ಹಣ ಕೊಡಿ, ಲಾಭದಲ್ಲಿ ಪಾಲು ಕೊಡುತ್ತೇನೆ ಎಂದು ವಾಟ್ಸಾಪ್‌ನಲ್ಲಿ ಊರಿಗೆಲ್ಲ ಸಾರುವುದನ್ನು ದಯವಿಟ್ಟು ಮಾಡಬೇಡಿ. ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ಕ್ರೌಡ್‌ಫಂಡಿಂಗ್ ಬಗ್ಗೆ ಒಂದು ಚರ್ಚಾಪತ್ರ ಹೊರಡಿಸಿತ್ತು. ಸಾರ್ವಜನಿಕರಿಂದ ಹೀಗೆ ಪಾಲು ಹಣ ಎತ್ತಲು ಅದರಿಂದ ದಾರಿಯೇನೂ ತೆರೆಯಲಿಲ್ಲ. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸಿದ 2019ರ ಕಾಯ್ದೆಯೂ ಇದೆ. ಸರಕಿಗೆ ಪಡೆದ ನಿಜವಾದ ಮುಂಗಡವನ್ನು ಆ ಕಾಯ್ದೆ ಠೇವಣಿ ಎನ್ನುವುದಿಲ್ಲ. ಆದರೆ ಹಣ ಮರಳಿಸಬೇಕಾದ ದಿನ ಬಂದು, ಅದರ ಮೇಲೆ 15 ದಿನ ಕಳೆದರೂ ಮರಳಿಸದಿದ್ದರೆ ಠೇವಣಿ ಎಂದೇ ಎಣಿಸುತ್ತದೆ. ಹಾಗಾಗಿ ನೀವು ಮಾರುವುದು ಪುಸ್ತಕ, ಬೆಲೆ ಇಷ್ಟು, ಕೈಗೆ ಸಿಗುವ ದಿನ ಇದು, ಗುರಿ ಮುಟ್ಟದಿದ್ದರೆ ಇಂಥ ದಿನದೊಳಗೆ ಹಣ ವಾಪಸ್. ಇಷ್ಟನ್ನು ಬರೆದು ಹಾಕಿ, ಅದರಂತೆ ನಡೆಯಿರಿ. ‘ದೇಣಿಗೆ’, ‘ಸಹಾಯ’, ‘ಪಾಲು’ ಎಂಬ ಪದಗಳು ಆ ಬರಹದಲ್ಲಿ ಎಲ್ಲೂ ಬರದಿರಲಿ.

ಕದಿಯುವ ಭಯಕ್ಕೆ ಹೆಚ್ಚು ಹೊತ್ತು ಬೇಡ. ನೀವು ಬರೆದ ಕ್ಷಣದಿಂದಲೇ ಬರಹದ ಹಕ್ಕು ನಿಮ್ಮದು, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಿಮ್ಮ ಜೀವಿತಕಾಲ ಮತ್ತು ಆಮೇಲೆ 60 ವರ್ಷ. ಉದ್ರಿ ವಸೂಲಿಯ ಉಪಾಯ ಯಾರ ಸ್ವತ್ತೂ ಅಲ್ಲ, ನೀವು ಬರೆದ ರೀತಿ ನಿಮ್ಮದು. ನಿಜವಾಗಿ ನಡೆಯುವ ಕಳ್ಳತನ ಪೂರ್ತಿ ಪಿಡಿಎಫ್ ವಾಟ್ಸಾಪ್‌ನಲ್ಲಿ ಹರಿದಾಡುವುದು. ಅದಕ್ಕೆ ಮುಂಗಡ ಕೊಟ್ಟವರಿಗೆ ಪೂರ್ತಿ ಪಿಡಿಎಫ್ ಕಳಿಸಬೇಡಿ, ಒಂದೆರಡು ಅಧ್ಯಾಯ ಸಾಕು. ಇದಕ್ಕಿಂತ ನನಗೆ ಆತಂಕ ಇರುವುದು ಬೇರೆ ಕಡೆ. ನಿಮ್ಮ ಟಿಪ್ಪಣಿಗಳಲ್ಲಿ ಬಾಕಿ ಉಳಿಸಿಕೊಂಡ ಗಿರಾಕಿಗಳ ಕತೆಗಳಿರಬೇಕು. ಊರು, ಅಂಗಡಿ, ಸರಕು, ವರ್ಷ ಹೇಳಿದರೆ ನಿಮ್ಮ ಪೇಟೆಯಲ್ಲಿ ಅದು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಗುರುತು ಸಿಗದಂತೆ ಅವನ್ನು ಬದಲಿಸಿ, ಇಲ್ಲವೇ ಅವರನ್ನು ಕೇಳಿ ಬರೆಯಿರಿ. ಒಬ್ಬರ ಕಷ್ಟಕಾಲ ಪುಸ್ತಕದಲ್ಲಿ ಅಚ್ಚಾಗಿ ಅವರ ಮಕ್ಕಳ ಕೈಗೆ ಸಿಗಬಾರದು.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಂಗತಿಯಲ್ಲಿ ಎಲ್ಲರಿಗೂ ಇಲ್ಲದ ಒಂದು ತೊಡಕು ಇದೆ. ನಿಮ್ಮ ಗುಂಪಿನ 1,100 ಜನರಲ್ಲಿ ಎಷ್ಟು ಮಂದಿ ನಿಮ್ಮಿಂದ ಮಾಲು ಒಯ್ಯುತ್ತಾರೆ? ಅವರಲ್ಲಿ ಎಷ್ಟು ಮಂದಿಗೆ ಇವತ್ತಿಗೂ ನಿಮ್ಮ ಬಾಕಿ ಇದೆ? 250 ರೂಪಾಯಿ ಕೊಟ್ಟು ಪುಸ್ತಕ ಕೊಂಡರೆ ಸಾಹುಕಾರರು ಇನ್ನೊಂದು ತಿಂಗಳು ಸುಮ್ಮನಿರುತ್ತಾರೆ ಎಂದು ಕೊಳ್ಳುವವರೂ ಅಲ್ಲಿದ್ದಾರೆ. ಅವರ ಮುಂಗಡ ಪುಸ್ತಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಾಕಿ ಇರುವವರನ್ನು ನೀವು ಕೇಳಲೇಬಾರದು ಎಂಬುದು ನನ್ನ ಅಭಿಪ್ರಾಯ. ಅವರು ಇಲ್ಲ ಅನ್ನಲಾರರು, ಇಲ್ಲ ಅನ್ನಲಾರದವರನ್ನು ಕೇಳುವುದು ಸರಿಯಲ್ಲ. ನಿಮ್ಮ ಗಿರಾಕಿಗಳು ತಾವಾಗಿ ಕೊಂಡರೂ ಅವರೆಲ್ಲ ‘ಪರಿಚಯದವರು’ ಖಾತೆಗೇ ಹೋಗಲಿ. ಅಮೆರಿಕದಲ್ಲಿರುವ ಗೆಳೆಯರ ಮೂಲಕ ಕನ್ನಡ ಕೂಟಗಳನ್ನು ಕೇಳುವ ಯೋಚನೆ ಇದ್ದರೆ ಅದಕ್ಕೂ ಇದೇ ಮಾತು. ಅವರು ಕೊಡುವುದು ಕನ್ನಡದ ಮೇಲಿನ ಪ್ರೀತಿಗೆ, ಅವರಿಗೆ ಉದ್ರಿಯ ತಲೆನೋವಿಲ್ಲ.

ಹಾಗಾದರೆ ಅಪರಿಚಿತರು ಎಲ್ಲಿ ಸಿಗುತ್ತಾರೆ? ನನಗೆ ತಿಳಿದ ಒಳ್ಳೆಯ ದಾರಿ ಬೇರೆ ಜಿಲ್ಲೆಗಳ ಆಡಿಟರ್‌ಗಳು ಮತ್ತು ತೆರಿಗೆ ಸಲಹೆಗಾರರು. ಒಬ್ಬೊಬ್ಬರ ಬಳಿ ನೂರಾರು ಅಂಗಡಿಗಳ ಲೆಕ್ಕ ಇರುತ್ತದೆ, ಉದ್ರಿಯಿಂದ ಯಾರು ಮುಳುಗುತ್ತಿದ್ದಾರೆ ಎಂದು ಅವರಿಗೇ ಮೊದಲು ಗೊತ್ತಾಗುವುದು. ಪುಸ್ತಕದ ಅತ್ಯುತ್ತಮ ಅಧ್ಯಾಯ ಒಂದನ್ನು 16 ಪುಟದ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ. ನಿಮ್ಮ ಮಾಲು ಹೋಗದ ಊರುಗಳನ್ನು ಆರಿಸಿಕೊಳ್ಳಿ, ಶಿವಮೊಗ್ಗ, ಕಲಬುರಗಿ, ಹಾಸನ ಹೀಗೆ. ಒಂದೊಂದು ಊರಿಗೆ ಬೇರೆ ಬೇರೆ ಕ್ಯೂಆರ್ ಕೋಡ್ ಹಾಕಿದರೆ ಯಾವ ಊರಿನಿಂದ ಎಷ್ಟು ಬುಕಿಂಗ್ ಬಂತೆಂದು ತಿಳಿಯುತ್ತದೆ. ಎರಡು ಶೀರ್ಷಿಕೆಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಎರಡು ಊರಿಗೆ ಒಂದು, ಇನ್ನೆರಡಕ್ಕೆ ಇನ್ನೊಂದು ಕಳಿಸಿ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾದ ಶೀರ್ಷಿಕೆಯೇ ಗೆಲ್ಲುತ್ತದೆ ಎಂದೇನೂ ಇಲ್ಲ.

ಅದಕ್ಕೂ ಮೊದಲು, ದುಡ್ಡಿನ ಮಾತೇ ಎತ್ತದೆ, ಇಪ್ಪತ್ತು ಅಪರಿಚಿತ ಅಂಗಡಿಯವರಿಗೆ ವಸೂಲಿಯ ಅಧ್ಯಾಯ ಕೊಟ್ಟು 15 ದಿನ ಹಾಗೆಯೇ ಮಾಡಿ ನೋಡಿ ಎನ್ನಿ. ಮೇಲೆ ಹೇಳಿದ 470 ಮಂದಿ ಮಾಡಿದ ಕೆಲಸದ ಸಣ್ಣ ರೂಪ ಇದು. ‘ಚೆನ್ನಾಗಿದೆ’ ಎಂಬ ಮಾತನ್ನು ಎಣಿಸಬೇಡಿ. ಎಷ್ಟು ಬಾಕಿ ಬಂತು, ಎಲ್ಲಿ ತಡೆಯಿತು, ಯಾವ ಪುಟ ಅರ್ಥವಾಗಲಿಲ್ಲ, ಇಷ್ಟು ಕೇಳಿ. ಒಬ್ಬ ಲೇಖಕರಿಗೆ ನಾನು ಇದನ್ನು ಮಾಡಿಸಿದಾಗ ಹನ್ನೆರಡು ಜನ ಒಂದೇ ಪುಟದಲ್ಲಿ ಎಡವಿದ್ದು ಕಂಡಿತು. ಅಲ್ಲಿದ್ದ ಕೋಷ್ಟಕ ಬ್ಯಾಂಕಿನವರಿಗೆ ಅರ್ಥವಾಗುವಂಥದ್ದು, ಅಂಗಡಿಯವರಿಗಲ್ಲ. ಅಚ್ಚಾದ ಮೇಲೆ ತಿಳಿದಿದ್ದರೆ ಆ ತಪ್ಪು ಅಷ್ಟೂ ಪ್ರತಿಗಳಲ್ಲಿ ಉಳಿದುಬಿಡುತ್ತಿತ್ತು.

ಇನ್ನು ಲೆಕ್ಕ. ನೀವು ಕೊಟ್ಟ 2,40,000ದಲ್ಲಿ ಸಮಾರಂಭದ 60,000 ಮತ್ತು ಜಾಹೀರಾತಿನ 40,000 ಎರಡನ್ನೂ ಹೊಡೆದುಹಾಕಿ. ಓದುಗರ ಮುಂಗಡದಲ್ಲಿ ಹಾರ ಶಾಲು ಕೊಳ್ಳುವುದು ಬೇಡ, ಸಮಾರಂಭ ಬೇಕಿದ್ದರೆ ನಿಮ್ಮ ಸ್ವಂತ ಹಣದಲ್ಲಿ ಆಗಲಿ. ನಿಮ್ಮ ಪಟ್ಟಿಯಲ್ಲಿ ಬರದೇ ಹೋದದ್ದು ಅಂಚೆ ಮತ್ತು ಪ್ಯಾಕಿಂಗ್. ಮೊದಲ ಸಲ ಪುಸ್ತಕ ಮಾಡುವವರು ಎಲ್ಲರೂ ಮರೆಯುವುದು ಇದನ್ನೇ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕ ಕಳಿಸಲು ‘ಜ್ಞಾನ್ ಪೋಸ್ಟ್’ ಶುರು ಮಾಡಿದೆ, 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ಡೆಮಿ ಅಳತೆಯ 176 ಪುಟದ ಪುಸ್ತಕವನ್ನು ಹಗುರ ಕಾಗದದಲ್ಲಿ ಮಾಡಿಸಿದರೆ ಪ್ಯಾಕಿಂಗ್ ಸೇರಿ ಆ ತೂಕದೊಳಗೆ ಬರುತ್ತದೆ. ಅಚ್ಚಿಗೆ ಕೊಡುವ ಮೊದಲೇ ಡಮ್ಮಿ ಪ್ರತಿ ಮಾಡಿಸಿ ತಕ್ಕಡಿಗೆ ಹಾಕಿ ನೋಡಿ. ಜಾಹೀರಾತು ಇರುವ ಪುಸ್ತಕಗಳಿಗೆ ಆ ದರ ಸಿಗುವುದಿಲ್ಲ, ಆದ್ದರಿಂದ ಕೊನೆಯ ಪುಟದಲ್ಲಿ ನಿಮ್ಮ ಅಂಗಡಿಯ ಜಾಹೀರಾತು ಬೇಡ. ಪ್ರಕಾಶಕರ ಅಥವಾ ಮುದ್ರಕರ ಹೆಸರು ಒಳಗೆ ಇರಲೇಬೇಕು.

ಪ್ರತಿಗಳನ್ನು 500ಕ್ಕೆ ಇಳಿಸಿ. ಪ್ರತಿಯೊಂದರ ಅಚ್ಚಿನ ವೆಚ್ಚ 90ರಿಂದ 110ಕ್ಕೆ ಏರಿತು ಎಂದುಕೊಳ್ಳೋಣ, ಒಟ್ಟು 55,000. ಎಡಿಟಿಂಗ್ ಇತ್ಯಾದಿಗೆ ನಿಮ್ಮ ಲೆಕ್ಕದ 50,000 ಹಾಗೇ ಇರಲಿ, ಅದರಲ್ಲಿ ಕೈ ಬಿಗಿ ಮಾಡಬೇಡಿ. 200 ಬಿಡಿ ಪ್ರತಿ ಕಳಿಸಲು ತಲಾ 35ರಂತೆ 7,000. ಬರೀ ಪುಸ್ತಕ 250 ರೂಪಾಯಿಗೆ ಮಾರಿ ಇದು ಹುಟ್ಟುವುದಿಲ್ಲ, 200 ಪ್ರತಿಗೆ ಬರುವುದು 50,000 ಅಷ್ಟೇ. ಅದಕ್ಕೆ ಪುಸ್ತಕದ ಜೊತೆಗೆ ಅರ್ಧ ದಿನದ ಕಾರ್ಯಾಗಾರ ಇಡಿ, 30 ಜನಕ್ಕೆ ತಲಾ 1,500, ಒಟ್ಟು 45,000, ಊಟ ಮತ್ತು ಹಾಲ್‌ಗೆ 9,000 ಖರ್ಚು. ಮೂರನೆಯದಾಗಿ ವರ್ತಕರ ಸಂಘ, ಸೌಹಾರ್ದ ಸಹಕಾರಿ, ಕಾಲೇಜುಗಳ ವಾಣಿಜ್ಯ ವಿಭಾಗ ಇಂಥವಕ್ಕೆ 50 ಪ್ರತಿಯ ಕಟ್ಟು 10,000ಕ್ಕೆ, ಅಂಥ ಮೂರು ಕಟ್ಟಿಗೆ 30,000, ಸಾಗಣೆಗೆ 1,000. ಬರುವುದು 1,25,000, ಹೋಗುವುದು 1,22,000. ಉಳಿದ 3,000 ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಶುಲ್ಕಕ್ಕೆ, ಅದು ಸಾಮಾನ್ಯವಾಗಿ ನೂರಕ್ಕೆ 2, ಅದರ ಮೇಲೆ ಜಿಎಸ್‌ಟಿ. ಲಾಭ ಎಂದು ಕೈಗೆ ಸಿಗುವುದು ಮಿಕ್ಕ 120 ಪ್ರತಿಗಳು. ನಿಮ್ಮ ದುಡಿಮೆಗೆ ಇದರಲ್ಲಿ ಕೂಲಿ ಹಿಡಿದಿಲ್ಲ, ಅದು ಗೊತ್ತಿರಲಿ. ಮುದ್ರಕರ ದರ ಊರಿಂದ ಊರಿಗೆ ಬೇರೆ, ಮೂರು ಕಡೆ ಕೊಟೇಶನ್ ತೆಗೆದು ಈ ಅಂಕಿಗಳನ್ನು ತಿದ್ದಿಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಶೂನ್ಯ. ಕಾರ್ಯಾಗಾರ ಸೇವೆ, ಅದಕ್ಕೆ ನೂರಕ್ಕೆ 18. ವಹಿವಾಟು ಚಿಕ್ಕದಾದ ಲೇಖಕರಿಗೆ ನೋಂದಣಿಯ ಮಿತಿಯೊಳಗೆ ಇದು ತಟ್ಟುವುದಿಲ್ಲ. ಆದರೆ ನೀವು ಮಾಲೀಕರಾಗಿ ನಿಮ್ಮದೇ ಪ್ಯಾನ್ ಮೇಲೆ ಜಿಎಸ್‌ಟಿ ನೋಂದಣಿ ಮಾಡಿಸಿದ ವರ್ತಕರಾಗಿದ್ದರೆ ಮೊದಲ ರೂಪಾಯಿಯಿಂದಲೇ ತಟ್ಟುತ್ತದೆ. ಆಗ ಕಾರ್ಯಾಗಾರದ ದರ 1,500 ಅಲ್ಲ, 1,770 ಎಂದು ಹಾಕಿ. ಪುಸ್ತಕವನ್ನೂ ಕಾರ್ಯಾಗಾರವನ್ನೂ ಒಂದೇ ಬಿಲ್ಲಿನಲ್ಲಿ ಹೇಗೆ ತೋರಿಸಬೇಕು, ನೀವು ಸಣ್ಣ ವರ್ತಕರ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಷನ್‌ನಲ್ಲಿದ್ದರೆ ಏನು ಎಂಬುದನ್ನು ಶುರು ಮಾಡುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೇಳಿ.

ಹಣ ಎತ್ತಲು ಯಾವ ಜಾಗ? ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಶುರು ಮಾಡಬಲ್ಲ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಬೆಂಗಳೂರಿನ ಮಿಲಾಪ್, ಮುಂಬೈಯ ಕೆಟೊ ಹೆಸರುವಾಸಿ, ಆದರೆ ಅಲ್ಲಿಗೆ ಜನ ಬರುವುದು ಹೆಚ್ಚಾಗಿ ಆಸ್ಪತ್ರೆಯ ಖರ್ಚಿಗೆ ಸಹಾಯ ಮಾಡಲು. ಹಸುಗೂಸಿನ ಶಸ್ತ್ರಚಿಕಿತ್ಸೆಯ ಪಕ್ಕದಲ್ಲಿ ನಿಮ್ಮ ಪುಸ್ತಕ ನಿಂತರೆ ಮನೆಯವರ ಸಂಕೋಚವೇ ನಿಜವಾಗುತ್ತದೆ. ನಿಮಗೆ ಹೊಂದುವುದು ಸ್ವಂತ ಮುಂಗಡ ಪುಟ, ಜೊತೆಗೆ ರಿಫಂಡ್ ಸೌಲಭ್ಯ ಇರುವ ಪೇಮೆಂಟ್ ಗೇಟ್‌ವೇ. ಹಣ ಮರಳಿಸುವಾಗ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ನಿಮಗೆ ವಾಪಸ್ ಬರುವುದಿಲ್ಲ, ಆ ನಷ್ಟ ನಿಮ್ಮದು. ಈ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಅಂಗಡಿಯ ಖಾತೆಗೆ ಸೇರಿಸಲೇಬೇಡಿ. ಓದುಗರಿಂದ ಮೊದಲೇ ಹಣ ಪಡೆದು ಪುಸ್ತಕ ಮಾಡುವ ಲಂಡನ್ನಿನ ಅನ್‌ಬೌಂಡ್ ಸಂಸ್ಥೆ ಒಳ್ಳೆಯ ಹೆಸರು ಮಾಡಿತ್ತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಬಿದ್ದಾಗ ಲೇಖಕರಿಗೆ ಬರಬೇಕಾದ ಹಣ ಸಿಕ್ಕಿಹಾಕಿಕೊಂಡಿತು. ಗಲ್ಲಾಪೆಟ್ಟಿಗೆಯ ದುಡ್ಡು ಬೇರೆ, ಮನೆಯ ದುಡ್ಡು ಬೇರೆ ಎಂದು ನೀವೇ ಬರೆದಿದ್ದೀರಿ, ಇದು ಮೂರನೆಯ ಪೆಟ್ಟಿಗೆ.

500 ಪ್ರತಿ ನೀವೇ ಕೊಳ್ಳಿ ಎಂದ ಪ್ರಕಾಶಕರ ಮಾತನ್ನು ಸದ್ಯಕ್ಕೆ ಬದಿಗಿಡಿ. ಅಪರಿಚಿತರ ಖಾತೆ ತುಂಬಿದ ಮೇಲೆ ಆ ಪಟ್ಟಿ ಹಿಡಿದು ಹೋದರೆ ಅವರು ಬೇರೆ ಷರತ್ತು ಹೇಳುತ್ತಾರೆ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ ತಡ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ ಕಿಕ್‌ಸ್ಟಾರ್ಟರ್ ಯೋಜನೆಗಳನ್ನು ಅಧ್ಯಯನ ಮಾಡಿದಾಗ ಕಂಡದ್ದು, ನೂರಕ್ಕೆ ಸುಮಾರು 9 ಯೋಜನೆಗಳು ಮಾತು ಕೊಟ್ಟದ್ದನ್ನು ಕೊಡಲೇ ಇಲ್ಲ. ಕೊಟ್ಟವುಗಳಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ತಡವಾಗಿ ಕೊಟ್ಟವು ಎಂಬುದು ಅವರ ಇನ್ನೊಂದು ಅಧ್ಯಯನದಲ್ಲಿದೆ. ಮೋಸ ಮಾಡುವವರಿಗಿಂತ ಸಮಯದ ಅಂದಾಜು ತಪ್ಪುವವರೇ ಹೆಚ್ಚು. ನನ್ನ ಕೈಯಲ್ಲೂ ಒಂದು ಪುಸ್ತಕ ದೀಪಾವಳಿಗೆ ಎಂದು ಹೇಳಿ ಯುಗಾದಿಯ ಹೊತ್ತಿಗೆ ಬಂತು. ಹಣ ಬಂದ ಮೇಲೆ ಎಡಿಟಿಂಗ್ ಮಾಡೋಣ ಎಂದುಕೊಂಡದ್ದೇ ಕಾರಣ. ಕೆಲವರು ಹಣ ವಾಪಸ್ ಕೇಳಿದರು, ಕೊಟ್ಟೆವು. ಕೇಳದೆ ಸುಮ್ಮನಿದ್ದವರ ಮುಖ ನೋಡುವುದು ಅದಕ್ಕಿಂತ ಕಷ್ಟವಾಯಿತು. ಆದ್ದರಿಂದ ಎಡಿಟಿಂಗ್ ಮುಗಿದು ಪುಟವಿನ್ಯಾಸ ಆಗುವವರೆಗೆ ಮುಂಗಡ ಕೇಳಬೇಡಿ. ಆ 50,000 ಅಷ್ಟರಲ್ಲಿ ನಿಮ್ಮ ಕೈಯಿಂದ ಹೋಗಿರುತ್ತದೆ, ನಿಮ್ಮ ನಿಜವಾದ ಹೂಡಿಕೆ ಮತ್ತು ಅಪಾಯ ಎರಡೂ ಅದೇ. ಅಷ್ಟನ್ನೂ ಕಳೆದುಕೊಳ್ಳಲು ಮನೆಯಲ್ಲಿ ಒಪ್ಪಿಗೆ ಇಲ್ಲವಾದರೆ ಟಿಪ್ಪಣಿಗಳು ವಾಟ್ಸಾಪ್‌ನಲ್ಲೇ ಇನ್ನೊಂದು ವರ್ಷ ಬೆಳೆಯಲಿ, ನಷ್ಟವೇನಿಲ್ಲ.

ಪ್ರಚಾರದ ಅವಧಿ 30 ದಿನ ಸಾಕು. ಮೊದಲ ಮೂರು ದಿನ, ಕೊನೆಯ ಮೂರು ದಿನ ಬುಕಿಂಗ್ ಬರುತ್ತದೆ, ನಡುವಿನ ದಿನಗಳಲ್ಲಿ ಫೋನ್ ಸದ್ದೇ ಮಾಡುವುದಿಲ್ಲ. ಆಗ ಗಾಬರಿಯಾಗಿ ನೆಂಟರಿಗೆ ಫೋನ್ ಮಾಡಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ತೀರ್ಮಾನದ ಗೆರೆಯನ್ನು ಮೊದಲೇ ಎಳೆದು ಮಗಳ ಕೈಗೆ ಬರೆದುಕೊಡಿ. 200 ಬಿಡಿ ಬುಕಿಂಗ್‌ನಲ್ಲಿ 60 ಆದರೂ ಅಪರಿಚಿತರದಾಗಿದ್ದರೆ 500 ಅಚ್ಚು ಹಾಕಿಸಿ ಎಂದು ನಾನು ಹೇಳುತ್ತೇನೆ. ಹಣದ ಗುರಿ ಮುಟ್ಟಿದೆ, ಆದರೆ ಅಪರಿಚಿತರು ಇಪ್ಪತ್ತೇ ಜನ ಎಂದಾದರೆ ಬುಕ್ ಆದಷ್ಟನ್ನೇ ಅಚ್ಚು ಹಾಕಿಸಿ, ಒಂದು ಪ್ರತಿಯೂ ಹೆಚ್ಚು ಬೇಡ. ಈ 60 ಎಂಬುದು ನನ್ನ ಅನುಭವದ ಅಂದಾಜು, ಶಾಸ್ತ್ರವೇನಲ್ಲ. ಆದರೆ ಗೆರೆ ಇರಬೇಕು, ಪ್ರಚಾರ ಶುರುವಾದ ಮೇಲೆ ಅದನ್ನು ಅಳಿಸಬಾರದು.

ಗುರಿ ಮುಟ್ಟದಿದ್ದರೆ ಹೆಸರು ಕೆಡುತ್ತದೆಯೇ ಎಂದು ಕೇಳಿದ್ದೀರಿ. ಉದ್ರಿ ಮರಳಿಸದವರ ಹೆಸರು ಪೇಟೆಯಲ್ಲಿ ಏನಾಗುತ್ತದೆ, ಹೇಳಿದ ದಿನಕ್ಕೆ ಮೊದಲೇ ತಂದುಕೊಟ್ಟವರ ಹೆಸರು ಏನಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪ್ರಚಾರ ಮುಗಿದ ಮೂರನೆಯ ದಿನದೊಳಗೆ ಎಲ್ಲರ ಹಣ ಅವರವರ ಖಾತೆಗೆ ಹೋಗಲಿ. ಜೊತೆಗೆ ಒಂದು ಸಂದೇಶ ಕಳಿಸಿ, ಇಷ್ಟು ಜನ ಬುಕ್ ಮಾಡಿದ್ದರು, ಅಚ್ಚಿಗೆ ಇಷ್ಟು ಬೇಕಿತ್ತು, ಸಾಲಲಿಲ್ಲ, ನಿಮ್ಮ ಹಣ ಮರಳಿಸಿದ್ದೇನೆ. ಆ ಸಂದೇಶದ ಕೊನೆಗೆ, ಕಿರುಹೊತ್ತಗೆ ಓದಿಯೂ ಪುಸ್ತಕ ಕೊಳ್ಳದೇ ಹೋದ ನಾಲ್ಕು ಜನರನ್ನು ನನಗೆ ಪರಿಚಯಿಸಿ, ಬೇಡವೆನ್ನಿಸಿದ್ದು ಯಾಕೆ ಎಂದು ಅವರಿಂದ ತಿಳಿಯಬೇಕು ಎಂದು ಕೇಳಿ. ಅವರ ಜೊತೆ ಮಾತಾಡಿದ ಮೇಲೆ ಮತ್ತೆ ಬರೆಯಿರಿ, ಅವರು ಹೇಳಿದ್ದನ್ನು ನಾನೂ ಓದಬೇಕು.